ಸೇಸಪ್ಪಣ್ಣನ ಹಲ್ಲು, ನನ್ನ ಶುದ್ಧಗಾಳಿ

ಹೊಸಂಗಡಿ ಪೇಟೆಯಲ್ಲಿ ಅತ್ಯಂತ ಶುದ್ಧವಾದ ಗಾಳಿ ಎಲ್ಲಿ ಸಿಗುತ್ತದೆ ಎಂದು ಯಾರಾದರೂ ಕೇಳಿದ್ದರೆ ನಾನು ಎದೆ ತಟ್ಟಿಕೊಂಡು ಹೇಳುತ್ತಿದ್ದೆ: ನನ್ನ ದಂತ ಚಿಕಿತ್ಸಾಲಯದಲ್ಲಿ! ಯಾರೂ ಕೇಳಲಿಲ್ಲ. ಆದರೂ ಹೇಳುತ್ತಿದ್ದೆ.

ವಿಷಯ ಗಂಭೀರವಾದದ್ದೇ. ಹಲ್ಲು ಕೊರೆಯುವಾಗ, ಹಲ್ಲಿನ ಕಿಟ್ಟ ತೆಗೆಯುವಾಗ ನಮ್ಮ ಯಂತ್ರದ ತುದಿಯಿಂದ ನೀರು ಚಿಮ್ಮುತ್ತದೆ. ಆ ನೀರು, ರೋಗಿಯ ಜೊಲ್ಲು, ಜೊಲ್ಲಿನೊಳಗಿನ ರೋಗಾಣು ಎಲ್ಲ ಸೇರಿ ಕಣ್ಣಿಗೆ ಕಾಣದ ಮಂಜಾಗಿ ಕೋಣೆಯ ಗಾಳಿಯಲ್ಲಿ ತೇಲುತ್ತಿರುತ್ತದೆ. ಕೊರೋನಾ ಕಾಲದಲ್ಲಿ ಇದನ್ನೆಲ್ಲ ಓದಿ ಓದಿ ನನಗೆ ನನ್ನದೇ ಕ್ಲಿನಿಕ್ಕಿನಲ್ಲಿ ಉಸಿರಾಡಲು ಸಂಕೋಚವಾಗತೊಡಗಿತ್ತು.

"ಆ ಕಿಟಕಿ ತೆರೆದಿಟ್ರೆ ಆಗುದಿಲ್ವಾ?" ಎಂದು ಕೇಳಿದ್ದಳು ನನ್ನ ಹೆಂಡತಿ ಉಷಾ. ಅವಳು ಶಾಲೆಯಲ್ಲಿ ಗಣಿತದ ಟೀಚರ್. ಯಾವ ಸಮಸ್ಯೆಗೂ ಚಿಕ್ಕ ಉತ್ತರ ಹುಡುಕುವ ದುರಭ್ಯಾಸ ಅವಳಿಗಿದೆ.

"ಕಿಟಕಿ ತೆರೆದರೆ ಹೈವೇಯ ಧೂಳು ಪೂರಾ ಒಳಗೆ ಬರ್ತದೆ. ಇದಕ್ಕೆ ವೈಜ್ಞಾನಿಕ ಪರಿಹಾರ ಬೇಕು," ಎಂದೆ.

ವೈಜ್ಞಾನಿಕ ಪರಿಹಾರ ಲಾರಿಯಲ್ಲಿ ಬಂತು. ಸೊಂಟದೆತ್ತರದ ಒಂದು ಯಂತ್ರ. ಕೆಳಗೆ ಚಕ್ರ, ಮೇಲಿನಿಂದ ಬಾಗುವ ಉದ್ದನೆಯ ಕೈ, ಕೈಯ ತುದಿಯಲ್ಲಿ ಬಟ್ಟಲಿನಂಥ ಬಾಯಿ. ರೋಗಿಯ ಗಲ್ಲದ ಹತ್ತಿರ ಆ ಬಾಯಿಯನ್ನು ಹಿಡಿದು ಸ್ವಿಚ್ ಒತ್ತಿದರೆ ತೇಲುವ ಕಣಗಳನ್ನೆಲ್ಲ ಹೀರಿ, ಒಳಗಿನ ಫಿಲ್ಟರಿನಲ್ಲಿ ಬಂಧಿಸಿ, ಶುದ್ಧವಾದ ಗಾಳಿಯನ್ನು ಹಿಂದಿನಿಂದ ಬಿಡುತ್ತದೆ. ಬಂದ ರೋಗಿಗಳೆಲ್ಲ ಅದನ್ನು 'ಆನೆ' ಎಂದೇ ಕರೆದರು. ಅದರ ಶಕ್ತಿಯನ್ನು ತೋರಿಸಲು ನಾನು ಒಂದು ಊದುಬತ್ತಿ ಹಚ್ಚಿ ಸೊಂಡಿಲಿನ ಮುಂದೆ ಹಿಡಿಯುತ್ತಿದ್ದೆ. ಹೊಗೆ ಒಂದೆಳೆಯೂ ಆಚೀಚೆ ಹೋಗದೆ ನೇರ ಒಳಗೆ ಹೋಗುತ್ತಿತ್ತು. ಒಬ್ಬರು ಅಜ್ಜಿ ಅದಕ್ಕೆ ಕೈಮುಗಿದದ್ದೂ ಉಂಟು.

ಇಷ್ಟು ಹೇಳಿ ಈಗ ಆ ದಿನದ ಕಥೆಗೆ ಬರುತ್ತೇನೆ. ಇನ್ನೂ ಸ್ವಲ್ಪ ಹೊತ್ತು ಗಾಳಿಯ ಬಗ್ಗೆಯೇ ಮಾತಾಡಬಹುದಿತ್ತು, ಆದರೆ ತಪ್ಪಿಸಿಕೊಳ್ಳುವುದು ಸರಿಯಲ್ಲ.

ಅಂದು ಕ್ಲಿನಿಕ್ಕಿಗೆ ರಜೆ. ನಮ್ಮ ಕಟ್ಟಡದ ಯಜಮಾನರಾದ ರಘುರಾಮಣ್ಣನ ಮಗಳ ಮದುವೆ. ಕ್ಲಿನಿಕ್ಕಿನ ಹಿಂದಿನ ಎರಡು ಕೋಣೆಗಳಲ್ಲೇ ನಮ್ಮ ಮನೆಯಾದ್ದರಿಂದ ಯಜಮಾನರ ಮದುವೆಗೆ ತಡವಾಗಿ ಹೋಗಲು ನಮಗೆ ಯಾವ ನೆಪವೂ ಇರಲಿಲ್ಲ. ನಾನು ಜರಿಯಂಚಿನ ಮುಂಡು ಉಟ್ಟಿದ್ದೆ. ಉಷಾ ವರ್ಷಕ್ಕೊಮ್ಮೆ ಹೊರಗೆ ಬರುವ ರೇಷ್ಮೆಯ ಪಟ್ಟೆ ಸೀರೆ ಉಟ್ಟಿದ್ದಳು. ಬಾಗಿಲಿಗೆ ಬೀಗ ಹಾಕಬೇಕು, ಅಷ್ಟರಲ್ಲಿ ಮೆಟ್ಟಿಲು ಹತ್ತಿ ಬಂದರು ಸೇಸಪ್ಪಣ್ಣ. ಒಂದು ಕೈಯಲ್ಲಿ ಸ್ಯಾಕ್ಸೊಫೋನಿನ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಬಾಯಿಗೆ ಒತ್ತಿ ಹಿಡಿದ ಕರವಸ್ತ್ರ.

ಸೇಸಪ್ಪಣ್ಣ ನಮ್ಮ ಊರಿನ ಸ್ಯಾಕ್ಸೊಫೋನ್ ವಾದಕರು. ಧಾರೆಯ ಹೊತ್ತಿನಲ್ಲಿ ಅವರ ವಾದ್ಯ ಇಲ್ಲದೆ ಇಲ್ಲಿ ಒಂದು ಕಾಲದಲ್ಲಿ ಮದುವೆಗಳೇ ಆಗುತ್ತಿರಲಿಲ್ಲ.

"ಡಾಕ್ಟ್ರೇ, ದೊಡ್ಡ ಉಪದ್ರ ಆಯ್ತು," ಎಂದು ಕರವಸ್ತ್ರ ಬಿಡಿಸಿದರು. ಒಳಗೆ ಹಲ್ಲಿನ ಬಣ್ಣದ ಒಂದು ಕ್ಯಾಪ್. ಮೇಲಿನ ಮುಂದಿನ ಹಲ್ಲಿನದು. ಬಾಯಿಯಲ್ಲಿ ಉಳಿದಿದ್ದದ್ದು ತೇದು ಸಣ್ಣದಾಗಿಸಿದ ಮೂಲ ಹಲ್ಲಿನ ಮೊಟಕು ತುಂಡು. "ಬೆಳಿಗ್ಗೆ ಮೂಡೆ ತಿನ್ನುವಾಗ ಬಿದ್ದುಹೋಯ್ತು."

"ಮೂಡೆ ತಿನ್ನುವಾಗ?" ಅಕ್ಕಿಹಿಟ್ಟಿನ ಮೆತ್ತನೆಯ ಮೂಡೆಗೆ ಕ್ಯಾಪು ಸೋತದ್ದು ಕೇಳಿ ನನಗೆ ಆಶ್ಚರ್ಯವಾಯಿತು. ಅದನ್ನು ಹಿಂದೆ ಮಂಗಳೂರಿನಲ್ಲಿ ಯಾರೋ ಕೂರಿಸಿದ್ದಂತೆ. ನಾನು ಯಾರನ್ನೂ ಹೆಸರಿಸದೆ ತಲೆ ಮಾತ್ರ ಅಲ್ಲಾಡಿಸಿದೆ.

"ಮೇಲಿನ ಹಲ್ಲನ್ನು ವಾದ್ಯದ ಪೀಪಿಯ ಮೇಲೆ ಊರಿ ಹಿಡಿಯದಿದ್ರೆ ನನಗೆ ಸ್ವರ ನಿಲ್ಲುದಿಲ್ಲ ಡಾಕ್ಟ್ರೇ," ಎಂದರು ಸೇಸಪ್ಪಣ್ಣ. ಅವರ ಧ್ವನಿ ಸಣ್ಣದಾಗಿತ್ತು. "ಹುಡುಗನ ಕಡೆಯವರು ವಾದ್ಯ ಎಲ್ಲ ಎಂತಕ್ಕೆ, ಪೆನ್‌ಡ್ರೈವ್ ಹಾಕಿದ್ರೆ ಆಯ್ತಲ್ಲ ಅಂದಿದ್ರಂತೆ. ರಘುರಾಮಣ್ಣ ಹಠ ಹಿಡಿದು ನನಗೇ ಬರ್ಲಿಕ್ಕೆ ಹೇಳಿದ್ದು. ಈಗ ಮದುವೆಗೆ ವಾದ್ಯ ಹೇಳುವವರೇ ಕಡಿಮೆ. ಇವತ್ತು ನಾನು ಹೋಗದಿದ್ರೆ ಇನ್ನು ಪೆನ್‌ಡ್ರೈವೇ."

"ನೀವು ಎಂತ ಹೆದರ್ಬೇಡಿ," ಎಂದೆ ನಾನು. "ಚಾ ಕುಡಿಯುವಷ್ಟು ಹೊತ್ತಿನ ಕೆಲಸ."

ಅದು ನಿಜವೇ ಆಗಿತ್ತು. ಹಲ್ಲಿನ ತುಂಡಿನ ಮೇಲೆ ಉಳಿದ ಹಳೆಯ ಸಿಮೆಂಟನ್ನು ತೆಗೆದು ಹೊಸ ಸಿಮೆಂಟಿನಲ್ಲಿ ಕ್ಯಾಪನ್ನು ಕೂರಿಸಿದರೆ ಮುಗಿಯಿತು. ಇದನ್ನು ಒಬ್ಬ ಸಾಮಾನ್ಯ ದಂತವೈದ್ಯ ಕೈಯ ಸಲಕರಣೆಯಿಂದ ಕೆರೆದು ಮುಗಿಸುತ್ತಿದ್ದ. ನಾನು ಸಾಮಾನ್ಯನಲ್ಲ.

"ಉಷಾ, ಆನೆಯನ್ನು ತಾ."

"ಮುಹೂರ್ತಕ್ಕೆ ಹೊತ್ತಾಯ್ತು. ಅದನ್ನು ಕೈಯಲ್ಲೇ ಕೆರೆದು ತೆಗೀಲಿಕ್ಕೆ ಆಗುದಿಲ್ವಾ?"

"ಯಂತ್ರದಲ್ಲಿ ತೆಗೆದರೆ ನುಣ್ಣಗಾಗ್ತದೆ. ಯಂತ್ರ ಹಾಕಿದರೆ ನೀರು ಹಾರ್ತದೆ. ನೀರು ಹಾರಿದರೆ ಕಣಗಳು ಗಾಳಿಗೆ ಸೇರ್ತವೆ. ಕಣಗಳು ಸೇರಿದರೆ..."

"ತರ್ತೇನೆ ಮಾರಾಯ್ರೇ!"

ನಮ್ಮ ಸಹಾಯಕಿ ರಜೆಯಲ್ಲಿದ್ದುದರಿಂದ ಪಟ್ಟೆ ಸೀರೆಯ ಉಷಾಳೇ ಸಹಾಯಕಿ. ನಾನು ಜರಿ ಮುಂಡನ್ನು ಎತ್ತಿ ಕಟ್ಟಿ, ಕೊರೋನಾ ಕಾಲದಿಂದ ಉಳಿದಿದ್ದ ಬಿಳಿಯ ಪಿಪಿಇ ಕಿಟ್ಟಿನೊಳಗೆ ಇಳಿದು, ಗಲ್ಲದವರೆಗೆ ಜಿಪ್ ಎಳೆದೆ. ತಲೆಗೆ ಟೊಪ್ಪಿ, ಬಾಯಿಗೆ ಮಾಸ್ಕ್, ಮುಖಕ್ಕೆ ಪ್ಲಾಸ್ಟಿಕ್ ಪರದೆ, ಕೈಗೆ ಗವಸು. ಒಂದು ಕ್ಯಾಪ್ ಅಂಟಿಸಲು ಚಂದ್ರಲೋಕಕ್ಕೆ ಹೊರಟವನಂತೆ ನಿಂತೆ.

ಸ್ವಿಚ್ ಒತ್ತಿದ ಕೂಡಲೇ ಆನೆ ಮೊದಲು ಹಿಡಿದದ್ದು ಉಷಾಳ ಸೆರಗನ್ನು.

"ಅಯ್ಯೋ, ಬಂದ್ ಮಾಡಿ, ಬಂದ್ ಮಾಡಿ!"

ಬಂದ್ ಮಾಡಿ ಸೆರಗು ಬಿಡಿಸಿಕೊಂಡೆವು. ಜರಿಯ ಒಂದೆಳೆ ಒಳಗೇ ಉಳಿಯಿತು. ಉಷಾ ನನ್ನ ಕಡೆ ನೋಡಿದ ರೀತಿಯನ್ನು ವರ್ಣಿಸುವ ಅಗತ್ಯವಿಲ್ಲ. ಬುದ್ಧಿಯಿದ್ದವನಿಗೆ ಆ ಎಚ್ಚರಿಕೆ ಸಾಕಿತ್ತು.

ಚಿಕಿತ್ಸೆ ಮಾತ್ರ ಚೆನ್ನಾಗಿಯೇ ನಡೆಯಿತು. ಹಳೆಯ ಸಿಮೆಂಟು ಹೋಯಿತು. ಒಂದು ಹನಿ ಮಂಜು ಹೊರಗೆ ಹಾರಲಿಲ್ಲ. ಕ್ಯಾಪನ್ನೂ ಒಳಗಿನಿಂದ ತೊಳೆದು, ಒರೆಸಿ, ಸೇಸಪ್ಪಣ್ಣನ ಎದೆಯ ಮೇಲೆ ಹಾಸಿದ್ದ ಬಟ್ಟೆಯಲ್ಲಿ ಒಂದು ತೆಳು ಬ್ಯಾಂಡೇಜ್ ತುಂಡಿನ ಮೇಲೆ ಇಟ್ಟೆ. ಇನ್ನು ಸಿಮೆಂಟ್ ಕಲಸಬೇಕು, ಕೂರಿಸಬೇಕು, ಹೊರಡಬೇಕು. ಹೊರಟಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಆದರೆ ಇಷ್ಟು ದೊಡ್ಡ ವೈಜ್ಞಾನಿಕ ಘಟನೆ ನಡೆದರೂ ಸೇಸಪ್ಪಣ್ಣನಿಗೆ ಅದು ಗೊತ್ತೇ ಆಗಿಲ್ಲವಲ್ಲ ಎಂದು ನನಗೆ ಬೇಸರವಾಯಿತು.

"ಸೇಸಪ್ಪಣ್ಣ, ಒಂದು ನಿಮಿಷ. ಇದರ ಶಕ್ತಿ ಎಂಥದ್ದು ನೋಡಿ," ಎಂದು ಊದುಬತ್ತಿ ಹಚ್ಚಿದೆ. ಯಾವತ್ತೂ ಇಡದಷ್ಟು ವೇಗಕ್ಕೆ ಗುಂಡಿ ತಿರುಗಿಸಿದೆ. ಸೊಂಡಿಲನ್ನು ಅವರ ಎದೆಯ ಕಡೆಗೆ ಬಗ್ಗಿಸಿದೆ.

ಹೊಗೆ ಹೋಯಿತು. ಅದರ ಹಿಂದೆಯೇ ಬ್ಯಾಂಡೇಜ್ ತುಂಡು ಎದ್ದಿತು, ಬಿಳಿ ಚಿಟ್ಟೆಯ ಹಾಗೆ ಒಮ್ಮೆ ಮಗುಚಿತು, ಹೋಯಿತು. ಸೊಂಡಿಲಿನೊಳಗೆ 'ಟಕ್' ಎಂದಿತು. ಮತ್ತೆ 'ಟಕಟಕ'.

ನಾನು ಉಷಾಳ ಮುಖ ನೋಡಿದೆ. ಉಷಾ ಖಾಲಿಯಾದ ಬಟ್ಟೆ ನೋಡಿದಳು. ಬಾಯಿ ತೆರೆದು ಮಲಗಿದ್ದ ಸೇಸಪ್ಪಣ್ಣ ಛಾವಣಿ ನೋಡುತ್ತಿದ್ದರು.

"ಎಂತ ಸದ್ದು ಅದು ಡಾಕ್ಟ್ರೇ?"

"ಯಂತ್ರ... ಹಾಗೆಯೇ ಅದು. ವಿಶೇಷ ಎಂತ ಇಲ್ಲ."

ಅಷ್ಟರಲ್ಲಿ ಅವರ ಜೇಬಿನ ಮೊಬೈಲು ಬಡಿದುಕೊಂಡಿತು. ಅವರು ಅದನ್ನು ನನ್ನ ಕೈಗೆ ಕೊಟ್ಟರು. ರಘುರಾಮಣ್ಣ!

"ಸೇಸಪ್ಪಣ್ಣ, ನೀವು ಎಲ್ಲಿದ್ದೀರಿ ಮಾರಾಯ್ರೇ? ದಿಬ್ಬಣ ತಲಪಾಡಿ ದಾಟಿ ಹತ್ತಿರ ಬಂತಂತೆ!"

"ನಾನು ಡಾಕ್ಟ್ರು ರಘುರಾಮಣ್ಣ. ಸೇಸಪ್ಪಣ್ಣ ಇಲ್ಲಿಯೇ ಇದ್ದಾರೆ. ಹಲ್ಲಿನ ಸಣ್ಣ ಕೆಲಸ, ಈಗ ಮುಗೀತದೆ."

"ನೀವಿದ್ದೀರಲ್ಲ, ಹಾಗಾದ್ರೆ ಧೈರ್ಯ ಉಂಟು," ಎಂದು ಆ ಮಹಾನುಭಾವರು ಫೋನ್ ಇಟ್ಟರು.

ಧೈರ್ಯ ಅವರಿಗಿತ್ತು. ನನಗಿರಲಿಲ್ಲ. ಹೊಸ ಕ್ಯಾಪ್ ತಯಾರಾಗಿ ಬರಬೇಕಾದರೆ ಮಂಗಳೂರಿಗೆ ಅಳತೆ ಹೋಗಬೇಕು, ದಿನಗಟ್ಟಲೆ ಕಾಯಬೇಕು. ತಾತ್ಕಾಲಿಕ ಹಲ್ಲು ಮಾಡುವ ಪುಡಿ ಹಿಂದಿನ ವಾರವೇ ಮುಗಿದಿತ್ತು. ಇನ್ನೊಂದು ಡಬ್ಬಿ ತರಿಸಲು ಉಷಾ ನೆನಪಿಸಿದ್ದಳು. ಆಗ ನಾನು ಶುದ್ಧಗಾಳಿಯ ಬಗ್ಗೆ ಓದುತ್ತಿದ್ದೆ.

ಯಂತ್ರದ ಬಾಗಿಲಿಗೆ ಸ್ಕ್ರೂಗಳಿದ್ದವು. ಸ್ಕ್ರೂಡ್ರೈವರ್ ಇರಲಿಲ್ಲ. ಹಲ್ಲಿನ ಸಲಕರಣೆಯೊಂದರಿಂದ ತಿರುಗಿಸಿದೆ. ಅದರ ತುದಿ ಮುರಿಯಿತು. ಇನ್ನೊಂದು ತಂದೆ, ಅದೂ ಮುರಿಯಿತು. ಕೊನೆಗೆ ಉಷಾ ಅಡುಗೆಮನೆಯಿಂದ ಬೆಣ್ಣೆಚೂರಿ ತಂದು ಕೊಟ್ಟಳು. ಬಾಗಿಲು ತೆರೆಯಿತು.

"ಎಂತ ರಿಪೇರಿಯಾ ಡಾಕ್ಟ್ರೇ?" ಸೇಸಪ್ಪಣ್ಣ ಕುರ್ಚಿಯಲ್ಲಿ ಎದ್ದು ಕೂತಿದ್ದರು.

"ಸರ್ವಿಸಿಂಗ್," ಎಂದೆ.

ಫಿಲ್ಟರ್ ಹೊರಗೆ ತೆಗೆದೆ. ಹೊಸಂಗಡಿಯ ಅದೆಷ್ಟೋ ಬಾಯಿಗಳ ಕಣಗಳು, ಊದುಬತ್ತಿಯ ಬೂದಿ, ಹಲ್ಲಿನ ಅಚ್ಚು ತೇಯ್ದ ಪುಡಿ ಎಲ್ಲ ಸೇರಿ ಅದು ಬೂದು ಬಣ್ಣದ ಹಾಸಿಗೆಯಂತಾಗಿತ್ತು. ನನಗೆ ಹೆಮ್ಮೆಪಡಲು ಸಮಯವಿರಲಿಲ್ಲ. ಒಳಗೆ ಕ್ಯಾಪ್ ಸಿಕ್ಕಿಕೊಂಡಿರಬಹುದು ಎಂದು ಅದನ್ನು ಮೇಜಿನ ಅಂಚಿಗೆ ಜೋರಾಗಿ ಬಡಿದೆ.

ಮೇಲೆ ಫ್ಯಾನ್ ತಿರುಗುತ್ತಿತ್ತು!

ಗಾಳಿಯಲ್ಲಿ ತೇಲುವ ಕಣಗಳ ನಿಯಂತ್ರಣದ ಇತಿಹಾಸದಲ್ಲಿ ಹೀಗೊಂದು ದಿನ ಬಂದಿರಲಾರದು. ತಿಂಗಳುಗಟ್ಟಲೆ ನಾನು ಶ್ರದ್ಧೆಯಿಂದ ಹಿಡಿದಿಟ್ಟದ್ದೆಲ್ಲ ಒಂದೇ ಕ್ಷಣದಲ್ಲಿ ಬಿಡುಗಡೆಯಾಯಿತು. ಕೋಣೆಯೇ ಕಾಣಲಿಲ್ಲ. ಸೇಸಪ್ಪಣ್ಣ ಸೀನಿದರು. ಉಷಾ ಸೀನಿದಳು. ಧೂಳು ಕುಳಿತಾಗ ಅವಳ ಪಟ್ಟೆ ಸೀರೆಯ ಕೆಂಪು ಹೋಗಿ ಬೂದು ಬಂದಿತ್ತು. ನಾನೊಬ್ಬ ಮಾತ್ರ ಪಿಪಿಇ ಕಿಟ್ಟಿನೊಳಗೆ ಸುರಕ್ಷಿತನಾಗಿದ್ದೆ.

ಅವಳು ಕೆಮ್ಮುತ್ತಲೇ ಹೋಗಿ ಕಿಟಕಿಗಳನ್ನೆಲ್ಲ ತೆರೆದಳು.

ಫಿಲ್ಟರಿನಲ್ಲಿ ಕ್ಯಾಪ್ ಇರಲಿಲ್ಲ. ಬ್ಯಾಂಡೇಜ್ ತುಂಡು ಒಂದೇ ಹೋಗಿ, ಕ್ಯಾಪ್ ಜಾರಿ ಅವರ ಬಾಯಿಗೆ ಬಿದ್ದಿದ್ದರೆ?

"ಸೇಸಪ್ಪಣ್ಣ, ನೀವು... ಈಗ ಎಂತಾದ್ರೂ ನುಂಗಿದ್ರಾ?"

"ಉಗುಳು ನುಂಗಿದೆ. ಎಂತಕ್ಕೆ?" ಎಂದರು. ಆಮೇಲೆ ಎದೆಯ ಮೇಲಿನ ಬಟ್ಟೆ ನೋಡಿಕೊಂಡರು. ಬಿಚ್ಚಿದ ಯಂತ್ರ ನೋಡಿದರು. ನನ್ನನ್ನು ನೋಡಿದರು. "ಡಾಕ್ಟ್ರೇ, ನನ್ನ ಹಲ್ಲು ಎಲ್ಲಿ?"

"ಆನೆಯ ಒಳಗೆ," ಎಂದೆ. ಇನ್ನು ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಅವರು ಬೈಯಲಿಲ್ಲ. ಕುರ್ಚಿಯಿಂದ ಇಳಿದು, ಮೂಲೆಯಲ್ಲಿ ಪೆಟ್ಟಿಗೆ ತೆರೆದು, ಸ್ಯಾಕ್ಸೊಫೋನನ್ನು ಕೊರಳಿಗೆ ಹಾಕಿಕೊಂಡು ತುಟಿಗೆ ಹಿಡಿದರು. 'ಫುಸ್ಸ್' ಎಂದಿತು. ತುಟಿ ಸರಿಮಾಡಿಕೊಂಡು ಇನ್ನೊಮ್ಮೆ ಊದಿದರು. ಗಾಳಿ ಮಾತ್ರ ಬಂತು, ಸ್ವರ ಬರಲಿಲ್ಲ. ಅದನ್ನು ಮೆಲ್ಲನೆ ಕೆಳಗಿಳಿಸಿ ಬೆರಳಿನಿಂದ ಅದರ ಮೇಲಿನ ಧೂಳು ಒರೆಸುತ್ತ ನಿಂತರು.

ಆ ಹೊತ್ತಿಗೆ ನನಗೆ ನಗೆಯೂ ಬರಲಿಲ್ಲ, ವಿಜ್ಞಾನವೂ ನೆನಪಾಗಲಿಲ್ಲ. ಈ ಮನುಷ್ಯನ ಜಾಗದಲ್ಲಿ ಇವತ್ತು ಒಂದು ಪೆನ್‌ಡ್ರೈವ್ ಕೂರುತ್ತದೆ, ಅದಕ್ಕೆ ಕಾರಣ ನಾನು ಎಂಬುದು ಮಾತ್ರ ತಲೆಯಲ್ಲಿ ಸುತ್ತುತ್ತಿತ್ತು.

"ಸೊಂಡಿಲನ್ನು ಕಳಚುವಾ," ಎಂದಳು ಉಷಾ. "ಟಕಟಕ ಅಂದದ್ದು ಅದರ ಒಳಗೇ."

ಸೊಂಡಿಲನ್ನು ಯಂತ್ರದಿಂದ ಕಳಚಿದೆವು. ಮೂರು ಕಡೆ ಗಂಟಿರುವ ಉದ್ದನೆಯ ಕೊಳವೆ. ಅಲ್ಲಾಡಿಸಿದೆವು, ತಲೆಕೆಳಗು ಮಾಡಿದೆವು, ನೆಲಕ್ಕೆ ಬಡಿದೆವು. ಒಳಗೆ ಏನೋ ಗಲಗಲ ಎನ್ನುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಉಳಿದದ್ದು ಒಂದೇ ದಾರಿ. ಒಂದು ತುದಿಯಿಂದ ಊದಬೇಕು!

ಒಂದು ಹನಿ ಜೊಲ್ಲು ಗಾಳಿಗೆ ಸೇರಬಾರದೆಂದು ಲಾರಿಯಲ್ಲಿ ಯಂತ್ರ ತರಿಸಿದ ನಾನು ಮುಖದ ಪರದೆ ಎತ್ತಿ, ಮಾಸ್ಕ್ ಕೆಳಗೆ ಎಳೆದು, ಊರಿನ ಜೊಲ್ಲೆಲ್ಲ ಹಾದುಹೋದ ಆ ಕೊಳವೆಗೆ ಬಾಯಿಟ್ಟೆ. ಉಷಾ ಇನ್ನೊಂದು ತುದಿಯಲ್ಲಿ ಸೆರಗು ಒಡ್ಡಿ ಕೂತಳು. ಆ ಸೆರಗಿಗೆ ಇನ್ನು ಆಗಬೇಕಾದ್ದು ಏನೂ ಇರಲಿಲ್ಲ.

ಊದಿದೆ. ಬೂದಿ ಹಿಂದಕ್ಕೆ ಬಂದು ನನ್ನ ಮುಖಕ್ಕೇ ಹಾರಿತು.

"ಕೆನ್ನೆಯಿಂದ ಅಲ್ಲ ಡಾಕ್ಟ್ರೇ, ಹೊಟ್ಟೆಯಿಂದ ಊದಿ!" ಎಂದರು ಸೇಸಪ್ಪಣ್ಣ.

ಹೊಟ್ಟೆಯಿಂದ ಊದಿದೆ. ಕಣ್ಣಿಗೆ ಕತ್ತಲೆ ಬಂತು. ಅವರ ಮೊಬೈಲು ಮತ್ತೆ ಬಡಿದುಕೊಳ್ಳತೊಡಗಿತು. ಯಾರೂ ಎತ್ತಲಿಲ್ಲ. ಇನ್ನೊಮ್ಮೆ ಊದಿದೆ. 'ಪಟ್' ಎಂದು ಬ್ಯಾಂಡೇಜಿನ ಉಂಡೆಯೊಂದು ಹಾರಿ ಉಷಾಳ ಮಡಿಲಿಗೆ ಬಿತ್ತು. ಬಿಡಿಸಿದರೆ ಒಳಗೆ ಕ್ಯಾಪ್! ಒಂದು ಗೀರೂ ಇಲ್ಲದೆ!

ಸೇಸಪ್ಪಣ್ಣ ಕುರ್ಚಿಗೆ ಹಾರಿ ಕೂತರು. ಕ್ಯಾಪನ್ನು ಚೆನ್ನಾಗಿ ತೊಳೆದು, ಶುದ್ಧಿ ಮಾಡಿ, ಹಲ್ಲು ಒಣಗಿಸಿ, ಸಿಮೆಂಟ್ ಹಾಕಿ ಒತ್ತಿ ಕೂರಿಸಿದೆ. ಹತ್ತಿಯ ಸುರುಳಿ ಕಚ್ಚಿಸಿ, "ಸಿಮೆಂಟ್ ಗಟ್ಟಿಯಾಗುವವರೆಗೆ ಬಾಯಿ ಬಿಡ್ಲಿಕ್ಕಿಲ್ಲ. ಕಾರಿಗೆ ಹೋಗುವಾ," ಎಂದೆ.

ಪಿಪಿಇ ಕಿಟ್ ಕಳಚಲು ಹೋದರೆ ಜಿಪ್ ಕೆಳಗೆ ಬರಲಿಲ್ಲ. ಅದು ಒಳಗಿನ ಜರಿ ಮುಂಡಿನ ಅಂಚನ್ನು ಕಚ್ಚಿ ಹಿಡಿದಿತ್ತು.

"ಕತ್ತರಿಸುವಾ?" ಎಂದಳು ಉಷಾ.

"ಮುಂಡು ಹೊಸತು!"

"ನನ್ನ ಸೀರೆ ಎಂತ ಹಳತಾ?"

ಹಾಗೆಯೇ ಇಳಿದು ಓಡಿದೆವು. ಉಷಾ ಕಾರು ಓಡಿಸಿದಳು. ನಾನು ಹಿಂದಿನ ಸೀಟಿನಲ್ಲಿ ಸೇಸಪ್ಪಣ್ಣನ ಗಲ್ಲವನ್ನು ಕೆಳಗಿನಿಂದ ಒತ್ತಿ ಹಿಡಿದು ಕೂತೆ. ಮದುವೆಯ ಹಾಲ್ ಇದ್ದದ್ದು ರೈಲ್ವೆ ಗೇಟಿನ ಆಚೆ. ಗೇಟು ಬಿದ್ದಿತ್ತು.

ಗೇಟಿನಲ್ಲಿ ಪಕ್ಕದ ಬೈಕಿನವನು ನಮ್ಮ ಕಾರಿನೊಳಗೆ ಇಣುಕಿದ. ಬಿಳಿ ಕವಚ ತೊಟ್ಟ ಒಬ್ಬ, ಅವನು ಗಲ್ಲ ಹಿಡಿದುಕೊಂಡ ಮಾತಾಡಲಾರದ ಇನ್ನೊಬ್ಬ, ಬೂದಿ ಮೆತ್ತಿಕೊಂಡು ಕೆಮ್ಮುತ್ತಿರುವ ಡ್ರೈವರ್. ಅವನು ಮೆಲ್ಲನೆ ಬೈಕನ್ನು ಹಿಂದಕ್ಕೆ ತಳ್ಳಿಕೊಂಡು ಹೋದ. ಆಮೇಲೆ ಮೊಬೈಲು ಕಿವಿಗಿಟ್ಟುಕೊಂಡ. ಹಿಂದಿನ ಕಾರುಗಳ ಗಾಜುಗಳು ಒಂದೊಂದಾಗಿ ಮೇಲೇರಿದವು. ನಾನು ಅದನ್ನು ಸೆಖೆಗೆ ಎಸಿ ಹಾಕಿಕೊಂಡಿದ್ದಾರೆ ಎಂದು ತಿಳಿದೆ.

ನಾವು ಹಾಲಿಗೆ ಮುಟ್ಟುವಾಗ ಸುದ್ದಿ ನಮಗಿಂತ ಮೊದಲು ಮುಟ್ಟಿತ್ತು.

"ನಿಪಾ ಜ್ವರ ಅಂತೆ! ಹೊಸಂಗಡಿಯಲ್ಲಿ ಹಿಡಿದಿದ್ದಾರಂತೆ!" ಎಂದು ಬಾಗಿಲಲ್ಲಿ ಯಾರೋ ಹೇಳುತ್ತಿದ್ದರು. ಅಷ್ಟರಲ್ಲಿ ನಾನು ಕಾರಿನಿಂದ ಇಳಿದೆ. ಮುಖದ ಪರದೆ ತಲೆಯ ಮೇಲೆ ಹಾಗೆಯೇ ಇತ್ತು.

ಜನ ಎರಡಾಗಿ ಸೀಳಿತು. ಪನ್ನೀರು ಚಿಮುಕಿಸುತ್ತಿದ್ದ ಹುಡುಗಿಯರು ತಟ್ಟೆ ಬಿಟ್ಟು ಓಡಿದರು. ಗಂಡಸರು ಶಾಲನ್ನು ಮೂಗಿಗೆ ಸುತ್ತಿದರು. ದಿಬ್ಬಣದ ಒಂದು ಬಸ್ಸಿನ ಇಂಜಿನ್ ಶುರುವಾದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಗಾಳಿಯಿಂದ ರೋಗ ಹರಡದಂತೆ ತಡೆಯಲು ಹೊರಟವನು ನಾನು. ಒಂದು ರೋಗಾಣುವೂ ಇಲ್ಲದೆ ಮದುವೆಯ ಹಾಲನ್ನೇ ಖಾಲಿ ಮಾಡುತ್ತಿದ್ದೆ.

ರಘುರಾಮಣ್ಣ ಓಡಿ ಬಂದರು. ಅವರ ಮುಖ ಬಿಳುಚಿತ್ತು.

"ಡಾಕ್ಟ್ರೇ, ಎಂತ ವೇಷ ಇದು? ಹುಡುಗನ ಸೋದರಮಾವ ಹೊರಡುವಾ ಅಂತ ಹೇಳ್ತಾ ಇದ್ದಾರೆ!"

"ಜಿಪ್ ಸಿಕ್ಕಿಕೊಂಡದ್ದು ರಘುರಾಮಣ್ಣ. ರೋಗ ಎಂತ ಇಲ್ಲ, ದೇವರಾಣೆ, ಬರೀ ಹಲ್ಲು!"

ಯಾರು ಕೇಳುತ್ತಾರೆ? ಮಂಟಪದಲ್ಲಿ ಪುರೋಹಿತರು ಗಡಿಯಾರ ನೋಡುತ್ತಿದ್ದರು. ಮದುಮಗಳ ಕಣ್ಣು ತುಂಬಿತ್ತು. ಧ್ವನಿವರ್ಧಕದವನ ಕೈಯಲ್ಲಿ ಪೆನ್‌ಡ್ರೈವ್ ಸಿದ್ಧವಾಗಿತ್ತು.

ಸೇಸಪ್ಪಣ್ಣ ಬಾಯಿಯ ಹತ್ತಿ ತೆಗೆದು ನನ್ನ ಗವಸಿನ ಕೈಗೆ ಕೊಟ್ಟರು. ವೇದಿಕೆ ಹತ್ತಿದರು. ಕೂತರು. ಸ್ಯಾಕ್ಸೊಫೋನನ್ನು ತುಟಿಗಿಟ್ಟರು. ಕ್ಯಾಪ್ ಈಗ ಕಳಚಿ ಬಿದ್ದರೆ ಊರು ಬಿಡುವುದೊಂದೇ ನನಗೆ ಉಳಿದ ದಾರಿ.

ಮೊದಲ ಸ್ವರ ಸ್ವಲ್ಪ ಅಳುಕಿತು. ಅವರು ಕಣ್ಣು ಮುಚ್ಚಿ ಹಲ್ಲನ್ನು ಊರಿದರು. ಎರಡನೆಯದು ನಿಂತಿತು. ಆಮೇಲೆ ಅದು ಹಾಲಿನ ತುಂಬ ಹರಿಯಿತು, ಬಾಗಿಲು ದಾಟಿತು, ಅಂಗಳಕ್ಕೆ ಹೋಯಿತು. ರೋಗಿ ಎಂದು ಎಲ್ಲರೂ ಹೆದರಿದ್ದ ಮನುಷ್ಯನೇ ಅಷ್ಟು ಉಸಿರು ಹಿಡಿದು ಊದುವುದನ್ನು ಕೇಳಿ ಓಡಿದ ಜನ ನಿಂತರು. ನಿಂತವರು ನಾಚಿಕೊಂಡು ಹಿಂದೆ ಬಂದರು. ಬಸ್ಸಿನ ಇಂಜಿನ್ ಬಂದ್ ಆಯಿತು. ಮುಹೂರ್ತ ಮೀರುವ ಮೊದಲೇ ಧಾರೆಯ ನೀರು ಬಿತ್ತು. ಹುಡುಗನ ಮಾವನೇ ಎದ್ದು ಹೋಗಿ ಸೇಸಪ್ಪಣ್ಣನ ಕೈ ಕುಲುಕಿದ್ದನ್ನು ನಾನು ಕಣ್ಣಾರೆ ನೋಡಿದೆ. ದೂರದಿಂದ ನೋಡಿದೆ. ಏಕೆಂದರೆ ರಘುರಾಮಣ್ಣ ನನ್ನನ್ನು ಊಟದ ಹಾಲಿನ ಮೂಲೆಗೆ ಕರೆದುಕೊಂಡು ಹೋಗಿ, "ಉಪಕಾರ ಆಯ್ತು ಡಾಕ್ಟ್ರೇ. ಆದ್ರೆ ಇನ್ನು ಇಲ್ಲಿಂದ ಅಲ್ಲಾಡ್ಬೇಡಿ," ಎಂದು ನಿಲ್ಲಿಸಿದ್ದರು.

ಅದು ಐಸ್‌ಕ್ರೀಮಿನ ಮೂಲೆ. ಅಲ್ಲಿ ಬಡಿಸುವವರೂ ಬಿಳಿ ಬಟ್ಟೆ, ತಲೆಗೆ ಟೊಪ್ಪಿ, ಕೈಗೆ ಗವಸು ಹಾಕಿದ್ದರು. ಸ್ವಲ್ಪ ಹೊತ್ತಿನಲ್ಲಿ ರಘುರಾಮಣ್ಣ ಹುಡುಗನ ಮಾವನನ್ನು ಆ ದಾರಿಯಾಗಿಯೇ ಊಟಕ್ಕೆ ಕರೆತಂದರು. ಮಾವ ನನ್ನನ್ನು ಕಂಡು ತಟ್ಟನೆ ನಿಂತರು.

"ಹ್ಹೆ ಹ್ಹೆ, ಅವರು ಐಸ್‌ಕ್ರೀಮಿನವರು," ಎಂದರು ರಘುರಾಮಣ್ಣ. "ಶುಚಿತ್ವದ ವಿಷಯದಲ್ಲಿ ನಾವು ಬಹಳ ಸ್ಟ್ರಿಕ್ಟ್."

ಮಾವ ಮೆಚ್ಚಿ ತಲೆದೂಗಿದರು. ನನ್ನ ಪಕ್ಕದವನು ಒಂದು ಸೌಟನ್ನು ನನ್ನ ಕೈಗೆ ದಾಟಿಸಿದ. ಸಾಲು ಬೆಳೆಯಿತು. ಹೊಸಂಗಡಿಯ ಹಲ್ಲುಗಳನ್ನು ಹುಳುಕಿನಿಂದ ಕಾಯುವವನೆಂದು ಬೋರ್ಡು ಹಾಕಿಕೊಂಡ ನಾನು ಹೊಸಂಗಡಿಗೆಲ್ಲ ಐಸ್‌ಕ್ರೀಮ್ ಬಡಿಸಿದೆ. ದಿಬ್ಬಣದ ಹೆಂಗಸೊಬ್ಬರು ಎರಡನೆಯ ಸಲ ಬಟ್ಟಲು ಚಾಚಿ ನಿಂತು ನನ್ನ ಸೌಟು ಗಟ್ಟಿಯಾದ ಐಸ್‌ಕ್ರೀಮಿನೊಡನೆ ಹೋರಾಡುವುದನ್ನು ತುಸು ಹೊತ್ತು ನೋಡಿದರು.

"ಕೈಯೇ ಓಡುದಿಲ್ಲಲ್ಲ ನಿನ್ನದು! ಹೊಸಬನಾ?"

"ಹೌದು ಅಕ್ಕಾ," ಎಂದೆ. "ಇವತ್ತೇ ಸೇರಿದ್ದು."